ಹುಡುಗರು ಅಪರಾಧ ನಿಲ್ಲಿಸುವುದು ಯಾವಾಗ?

ಅಪರಾಧಗಳ ಲೆಕ್ಕವನ್ನು ವಯಸ್ಸಿನ ಪ್ರಕಾರ ಜೋಡಿಸಿ ಗೆರೆ ಎಳೆದರೆ ಬಹುತೇಕ ದೇಶಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಆಕಾರ ತಾಳುತ್ತದೆ. ಹತ್ತು ಹನ್ನೆರಡು ವರ್ಷದವರೆಗೆ ನೆಲಕ್ಕೆ ಅಂಟಿಕೊಂಡಿದ್ದ ಗೆರೆ ಮೀಸೆ ಚಿಗುರುವ ಹೊತ್ತಿಗೆ ಏಳಲು ಶುರುವಾಗುತ್ತದೆ. ಹದಿನೇಳು ಹದಿನೆಂಟರ ಆಸುಪಾಸಿನಲ್ಲಿ ತುದಿ ಮುಟ್ಟಿ, ಇಪ್ಪತ್ತರ ದಶಕದಲ್ಲಿ ಸರಸರನೆ ಇಳಿಯುತ್ತದೆ. ವಯಸ್ಸಿಗೂ ಅಪರಾಧಕ್ಕೂ ನಂಟಿದೆ ಎಂಬುದನ್ನು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 1831ರಲ್ಲೇ ಗುರುತಿಸಿದ್ದ. ಏರಿಕೆಯ ಬಗ್ಗೆ ಮಾತಾಡದವರಿಲ್ಲ. ಸಿನಿಮಾ ಕಾರಣ, ಮೊಬೈಲು ಕಾರಣ, ಸಹವಾಸ ದೋಷ, ಮನೆಯಲ್ಲಿ ಕೊಟ್ಟ ಸದರ. ಇಳಿಕೆಯ ಬಗ್ಗೆ ಕೇಳುವವರು ಮಾತ್ರ ಕಡಿಮೆ. ಕದ್ದ, ಹೊಡೆದ, ಬೈಕು ಹಾರಿಸಿದ ಹುಡುಗರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ಅದನ್ನೆಲ್ಲ ಬಿಟ್ಟುಬಿಡುತ್ತಾರಲ್ಲ, ಅದು ಹೇಗೆ? ಬಿಡದೇ ಉಳಿಯುವ ಕೆಲವರು ಯಾಕೆ ಬಿಡುವುದಿಲ್ಲ?

ಹದಿಹರೆಯದ ಮನಸ್ಸು ಮತ್ತು ಬಾಲಾಪರಾಧದ ಬಗ್ಗೆ ಐವತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಎರಡನೆಯ ಪ್ರಶ್ನೆಯೇ. ಅದಕ್ಕೆ ಸಿಕ್ಕಿರುವ ಉತ್ತರಗಳು ಪೊಲೀಸರಿಗೆ, ನ್ಯಾಯಾಧೀಶರಿಗೆ, ಕಾನೂನು ಬರೆಯುವವರಿಗೆ ಅಷ್ಟು ಹಿತವಾದವಲ್ಲ. ತಮ್ಮಷ್ಟಕ್ಕೆ ನಿಲ್ಲಬಹುದಾಗಿದ್ದ ಹುಡುಗರನ್ನು ನಿಲ್ಲದಂತೆ ಮಾಡುವುದರಲ್ಲಿ ಅವರದೂ ಪಾಲಿದೆ ಎಂದು ಅವು ಹೇಳುತ್ತವೆ.

ಒಗಟು ಮೊದಲು ಢಾಳಾಗಿ ಕಂಡದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮಾರ್ವಿನ್ ವೂಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು 1945ರಲ್ಲಿ ಹುಟ್ಟಿ ಆ ನಗರದಲ್ಲಿ ಬೆಳೆದ 9,945 ಹುಡುಗರ ಪೊಲೀಸ್ ದಾಖಲೆಗಳನ್ನು ಜಾಲಾಡಿ 1972ರಲ್ಲಿ ಪುಸ್ತಕ ತಂದರು. ಮೂರರಲ್ಲಿ ಒಬ್ಬನಿಗೆ ಒಮ್ಮೆಯಾದರೂ ಪೊಲೀಸರ ಸಂಪರ್ಕ ಬಂದಿತ್ತು. ಆದರೆ ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡಿದವರು ಬರೀ 627 ಮಂದಿ, ಎಂದರೆ ಶೇ 6ರಷ್ಟು ಹುಡುಗರು. ಈ ಶೇ 6 ರಾಜಕಾರಣಿಗಳಿಗೆ ಬಹಳ ಇಷ್ಟವಾಯಿತು. ಅವರನ್ನು ಮೊದಲೇ ಗುರುತಿಸಿ ಒಳಗೆ ಹಾಕಿಬಿಟ್ಟರೆ ಊರು ತಣ್ಣಗಾಗುತ್ತದಲ್ಲ ಎಂಬ ಲೆಕ್ಕ ಅವರದು. ಹದಿನಾರರ ಹುಡುಗನ ಮುಖ ನೋಡಿ ಇವನು ಆ ಶೇ 6ರವನೋ, ಉಳಿದವರ ಪೈಕಿಯೋ ಎಂದು ಹೇಳುವುದು ಹೇಗೆಂಬುದನ್ನು ಆ ಲೆಕ್ಕ ಹೇಳುತ್ತಿರಲಿಲ್ಲ.

ಇಲ್ಲಿಗೆ ಟೆರಿ ಮೊಫಿಟ್ ಬರುತ್ತಾರೆ. ಅಮೆರಿಕದ ಈ ಮನಶ್ಶಾಸ್ತ್ರಜ್ಞೆ ಕೆಲಸ ಮಾಡಿದ್ದು ನ್ಯೂಜಿಲೆಂಡಿನ ದಕ್ಷಿಣದ ಊರು ಡನೀಡನ್‌ನ ಮಕ್ಕಳ ಮೇಲೆ. ಅಲ್ಲಿನ ಕ್ವೀನ್ ಮೇರಿ ಹೆರಿಗೆ ಆಸ್ಪತ್ರೆಯಲ್ಲಿ 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಹುಟ್ಟಿದವರಲ್ಲಿ 1,037 ಮಕ್ಕಳನ್ನು ಫಿಲ್ ಸಿಲ್ವಾ ಎಂಬ ಸಂಶೋಧಕ ಮೂರು ವರ್ಷ ತುಂಬಿದಾಗ ಕರೆಸಿ ಪರೀಕ್ಷಿಸಿದರು. ಮತ್ತೆ ಐದಕ್ಕೆ, ಏಳಕ್ಕೆ, ಒಂಬತ್ತಕ್ಕೆ ಎಂದು ಕರೆಸುತ್ತಲೇ ಹೋದರು. ಹಲ್ಲು, ಶ್ವಾಸಕೋಶ, ಓದು, ಮಾತು, ಸಿಟ್ಟು, ಮುಂದೆ ದೊಡ್ಡವರಾದ ಮೇಲೆ ಸಾಲ, ಕುಡಿತ, ಸಂಸಾರ, ಎಲ್ಲದರ ದಾಖಲೆ ಇಟ್ಟರು. ನಲವತ್ತೈದನೆಯ ವಯಸ್ಸಿನ ಸುತ್ತಿಗೂ ಬದುಕಿದ್ದವರಲ್ಲಿ ಶೇ 94ರಷ್ಟು ಮಂದಿ ಹಾಜರಾದರು. ದೇಶ ಬಿಟ್ಟು ಹೋದವರನ್ನು ವಿಮಾನದ ಖರ್ಚು ಕೊಟ್ಟು ಕರೆಸಿದ್ದಾರೆ, ಜೈಲಿನಲ್ಲಿದ್ದವರನ್ನು ಅಲ್ಲಿಗೇ ಹೋಗಿ ಮಾತಾಡಿಸಿದ್ದಾರೆ. ಸಮಾಜ ವಿಜ್ಞಾನದಲ್ಲಿ ಇಂಥ ತಾಳ್ಮೆ ಅಪರೂಪ. ಈ ರೀತಿಯ ಅಧ್ಯಯನಗಳಲ್ಲಿ ಮೊದಲು ತಪ್ಪಿಸಿಕೊಳ್ಳುವವರು ತೊಂದರೆಯಲ್ಲಿರುವವರೇ. ಅವರು ಲೆಕ್ಕದಿಂದ ಜಾರಿಹೋದರೆ ಉಳಿಯುವುದು ಒಳ್ಳೆಯ ಹುಡುಗರ ಚರಿತ್ರೆ ಮಾತ್ರ.

ಈ ದಾಖಲೆಗಳನ್ನು ಮುಂದಿಟ್ಟುಕೊಂಡು ಮೊಫಿಟ್ 1993ರಲ್ಲಿ ಒಂದು ಪ್ರಬಂಧ ಬರೆದರು. ಅಪರಾಧಶಾಸ್ತ್ರದಲ್ಲಿ ಅದರಷ್ಟು ಚರ್ಚೆಗೆ ಒಳಗಾದ ಬರಹಗಳು ಕಡಿಮೆ. ಹದಿನೇಳರ ವಯಸ್ಸಿನಲ್ಲಿ ಒಂದೇ ಗುಂಪಿನಲ್ಲಿ, ಒಂದೇ ಬಗೆಯ ತಪ್ಪು ಮಾಡುತ್ತಿರುವ ಹುಡುಗರಲ್ಲಿ ಎರಡು ಜಾತಿಯವರು ಬೆರೆತಿದ್ದಾರೆ ಎಂಬುದು ಅವರ ವಾದ. ಒಂದು ಸಣ್ಣ ಗುಂಪು ಬಾಲ್ಯದಿಂದಲೇ ತೊಂದರೆಯಲ್ಲಿರುವಂಥದ್ದು. ಮೂರನೆಯ ವರ್ಷದಲ್ಲೇ ತಡೆಯಿಲ್ಲದ ಸಿಟ್ಟು, ತಡವಾಗಿ ಬಂದ ಮಾತು, ಓದಿನಲ್ಲಿ ಹಿಂದೆ. ಇದರ ಜತೆಗೆ ಬಡತನ, ಹೊಡೆತ, ಕುಡಿತದ ಮನೆ. ಮಗುವಿನ ಕಷ್ಟ ಮನೆಯನ್ನು ಹದಗೆಡಿಸುತ್ತದೆ, ಹದಗೆಟ್ಟ ಮನೆ ಮಗುವನ್ನು ಇನ್ನಷ್ಟು ಕೆಡಿಸುತ್ತದೆ. ಇವರ ಉಪದ್ರವ ಬದುಕಿಡೀ ಮುಂದುವರಿಯುತ್ತದೆ. ದೊಡ್ಡ ಗುಂಪಿನವರದು ಬೇರೆ ಕತೆ. ಅವರ ಬಾಲ್ಯದಲ್ಲಿ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಹದಿಮೂರು ಹದಿನಾಲ್ಕಕ್ಕೆ ಶುರುವಾದ ಪುಂಡಾಟ ಹದಿಹರೆಯದ ಜತೆಗೇ ಮುಗಿಯುತ್ತದೆ.

ಎರಡನೆಯ ಗುಂಪಿನವರು ತಪ್ಪಿಗೆ ಇಳಿಯುವುದೇ ಯಾಕೆ? ದೇಹ ಹದಿನಾಲ್ಕಕ್ಕೇ ದೊಡ್ಡದಾಗುತ್ತದೆ, ಆದರೆ ಸಮಾಜ ಇಪ್ಪತ್ತು ದಾಟುವವರೆಗೆ ಅವನಿಗೆ ಸಂಬಳವನ್ನೂ ಕೊಡುವುದಿಲ್ಲ, ಸಂಗಾತಿಯನ್ನೂ ಕೊಡುವುದಿಲ್ಲ, ಒಂದು ಮಾತಿಗೆ ಬೆಲೆಯನ್ನೂ ಕೊಡುವುದಿಲ್ಲ. ಈ ಖಾಲಿ ವರ್ಷಗಳಲ್ಲಿ ಬೀದಿಯ ಒರಟ ಹುಡುಗ ಉಳಿದವರ ಕಣ್ಣಿಗೆ ಸ್ವತಂತ್ರನಾಗಿ ಕಾಣುತ್ತಾನೆ. ಸಿಗರೇಟು, ರಾತ್ರಿ ಹೊತ್ತಿನ ತಿರುಗಾಟ, ಯಾರದೋ ಗಾಡಿ, ಎಲ್ಲವೂ ದೊಡ್ಡವನಾಗಿದ್ದೇನೆ ಎಂಬುದರ ಗುರುತು. ಕೆಲಸ, ಮನೆ, ಸಂಬಂಧ ಕೈಗೆ ಬಂದ ಮೇಲೆ ಆ ಗುರುತುಗಳು ಬೇಕಿಲ್ಲ. ಮೊಫಿಟ್ ಇಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಸಮಾಧಾನದ ಸಿದ್ಧಾಂತ ಆಗುತ್ತಿತ್ತು. ಆದರೆ ಅವರು ಉರುಳುಗಳ ಮಾತೆತ್ತುತ್ತಾರೆ. ಮಾದಕ ವಸ್ತುಗಳ ಚಟ, ಅರ್ಧಕ್ಕೆ ನಿಂತ ಓದು, ಹದಿನಾರಕ್ಕೇ ಹುಟ್ಟಿದ ಮಗು, ಪೊಲೀಸ್ ದಾಖಲೆ, ಜೈಲು: ತಾನಾಗಿ ಹೊರಬರಲಿದ್ದ ಹುಡುಗನ ಕಾಲಿಗೆ ಇವು ಸುತ್ತಿಕೊಳ್ಳುತ್ತವೆ. ಡನೀಡನ್ನಿನ ಗಂಡಸರಲ್ಲಿ ಬಾಲ್ಯದಿಂದ ಮುಂದುವರಿದವರು ಶೇ 10, ಹದಿಹರೆಯಕ್ಕೆ ಸೀಮಿತರಾದವರು ಶೇ 26 ಎಂದು ಲೆಕ್ಕ ಹಾಕಿದ್ದರು. ಇಪ್ಪತ್ತಾರನೆಯ ವಯಸ್ಸಿನಲ್ಲಿ ನೋಡಿದಾಗ ಈ ಎರಡನೆಯವರೂ ಪೂರ್ತಿ ಚೊಕ್ಕವಾಗಿರಲಿಲ್ಲ. ಹಣದ ತಾಪತ್ರಯ, ಕುಡಿತ, ಸಣ್ಣಪುಟ್ಟ ಕಳ್ಳತನ ಇನ್ನೂ ಅಂಟಿಕೊಂಡಿದ್ದವು. ತಮ್ಮ ಸಿದ್ಧಾಂತಕ್ಕೆ ಸರಿಯಾಗಿ ಹೊಂದದ ಈ ಫಲಿತಾಂಶವನ್ನೂ ಮೊಫಿಟ್ ಪ್ರಕಟಿಸಿದರು.

2020ರಲ್ಲಿ ಅದೇ ಜನರ ಮಿದುಳಿನ ಚಿತ್ರಗಳು ಬಂದವು. ಬಾಲ್ಯದಿಂದ ಮುಂದುವರಿದವರ ಮಿದುಳಿನ ಹೊರಪದರ ಹಲವು ಕಡೆ ತೆಳುವಾಗಿತ್ತು, ಹರಹು ಕಡಿಮೆಯಿತ್ತು. ಹದಿಹರೆಯಕ್ಕೆ ಸೀಮಿತರಾದವರ ಮಿದುಳು ಎಲ್ಲರ ಮಿದುಳಿನಂತೆಯೇ ಇತ್ತು. ಪತ್ರಿಕೆಗಳಿಗೆ ಒಳ್ಳೆಯ ತಲೆಬರಹ ಸಿಕ್ಕಿತು. ಆದರೆ ಚಿತ್ರ ತೆಗೆದದ್ದು ನಲವತ್ತೈದನೆಯ ವಯಸ್ಸಿನಲ್ಲಿ. ಅಷ್ಟರಲ್ಲಿ ಅವರು ಹೊಡೆತ, ಹೊಗೆ, ಹೆಂಡ, ಜೈಲು ಎಲ್ಲವನ್ನೂ ಕಂಡಿದ್ದರು. ಮಿದುಳು ಹಾಗಿದ್ದುದರಿಂದ ಬದುಕು ಹೀಗಾಯಿತೋ, ಬದುಕು ಹೀಗಿದ್ದುದರಿಂದ ಮಿದುಳು ಹಾಗಾಯಿತೋ ಎಂಬುದನ್ನು ಒಂದೇ ಸಲ ತೆಗೆದ ಚಿತ್ರ ಹೇಳಲಾರದು.

ಮೊಫಿಟ್ ಅವರಿಗೆ ಗಟ್ಟಿ ತಕರಾರು ಬಂದದ್ದು ಬಾಸ್ಟನ್ ಕಡೆಯಿಂದ. ಹಾರ್ವರ್ಡಿನ ಶೆಲ್ಡನ್ ಮತ್ತು ಎಲಿನರ್ ಗ್ಲೂಕ್ ದಂಪತಿ ಅಲ್ಲಿನ 500 ಬಾಲಾಪರಾಧಿಗಳನ್ನೂ, ವಯಸ್ಸು, ಬುದ್ಧಿಮಟ್ಟ, ಕೇರಿ ಎಲ್ಲದರಲ್ಲೂ ಅವರಿಗೆ ಸರಿಜೋಡಿಯಾದ 500 ಸಾಮಾನ್ಯ ಹುಡುಗರನ್ನೂ ಅಧ್ಯಯನ ಮಾಡಿ 1950ರಲ್ಲಿ ದೊಡ್ಡ ಗ್ರಂಥ ತಂದಿದ್ದರು. ಆಮೇಲೆ ಅವರ ಕಡತಗಳು ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆ ಸೇರಿದವು. 1980ರ ದಶಕದಲ್ಲಿ ಜಾನ್ ಲಾಬ್ ಅಲ್ಲಿ ಆ ಪೆಟ್ಟಿಗೆಗಳನ್ನು ಕಂಡರು. ರಾಬರ್ಟ್ ಸ್ಯಾಂಪ್ಸನ್ ಜತೆ ಸೇರಿ ವರ್ಷಗಟ್ಟಲೆ ಕೂತು ಅವನ್ನು ಕಂಪ್ಯೂಟರಿಗೆ ಏರಿಸಿದರು. ಅಷ್ಟಕ್ಕೆ ಬಿಡದೆ, ಎಪ್ಪತ್ತರ ಹತ್ತಿರ ಬಂದಿದ್ದ ಆ ಹುಡುಗರನ್ನೇ ಹುಡುಕಿಕೊಂಡು ಹೋಗಿ 52 ಮಂದಿಯನ್ನು ಮಾತಾಡಿಸಿದರು. ಅದರ ಫಲ 2003ರ ಪುಸ್ತಕ.

ನಮ್ಮಲ್ಲಿ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಪ್ರಶ್ನಿಸುವವರಿಲ್ಲ. ಲಾಬ್ ಮತ್ತು ಸ್ಯಾಂಪ್ಸನ್ ಕಂಡ ಪ್ರಕಾರ ಮರವೂ ಬಗ್ಗುತ್ತದೆ. ಅತಿ ಹೆಚ್ಚು ತಪ್ಪು ಮಾಡಿದವರೂ ಸೇರಿದಂತೆ ಬಹುತೇಕ ಎಲ್ಲರೂ ಒಂದಲ್ಲ ಒಂದು ವಯಸ್ಸಿಗೆ ನಿಲ್ಲಿಸಿದ್ದರು. ಬಾಲ್ಯದ ದಾಖಲೆಗಳನ್ನು ಎಷ್ಟು ತಿರುವಿ ಹಾಕಿದರೂ ಯಾರು ಬೇಗ ನಿಲ್ಲಿಸುತ್ತಾರೆ, ಯಾರು ತಡವಾಗಿ ಎಂದು ಮೊದಲೇ ಹೇಳಲು ಆಗುತ್ತಿರಲಿಲ್ಲ. ದಾರಿ ಬದಲಿಸಿದ್ದು ದೊಡ್ಡವರಾದ ಮೇಲೆ ಸಿಕ್ಕ ತಿರುವುಗಳು: ಕಾಯಂ ಕೆಲಸ, ಸೈನ್ಯ, ಹಳೆಯ ಕೇರಿಯಿಂದ ಬೇರೆ ಕಡೆಗೆ ಹೋದದ್ದು, ಮದುವೆ. ಮದುವೆಯಾಗಿದ್ದ ಕಾಲದಲ್ಲಿ ಅದೇ ಮನುಷ್ಯ ಅಪರಾಧ ಮಾಡುವ ಸಂಭವ ಸರಾಸರಿ ಶೇ 35ರಷ್ಟು ತಗ್ಗುತ್ತಿತ್ತು ಎಂದು ಅವರು 2006ರಲ್ಲಿ ಲೆಕ್ಕ ಕೊಟ್ಟರು.

ಮದುವೆ ಮಾಡಿದರೆ ಸರಿಹೋಗ್ತಾನೆ ಎನ್ನುವ ನಮ್ಮ ಹಿರಿಯರು ಇದನ್ನು ಓದಿ ಮೀಸೆ ತಿರುವಬಹುದು. ಸ್ವಲ್ಪ ತಡೆಯಬೇಕು. ಅಲ್ಲಿ ಕೆಲಸ ಮಾಡಿದ್ದು ತಾಳಿಯಲ್ಲ, ಸಂಜೆ ಮನೆಗೆ ಬಂದವನು ಹಳೆಯ ಗೆಳೆಯರ ಅಡ್ಡೆಗೆ ಹೋಗದಂತೆ ಬದಲಾದ ದಿನಚರಿ ಮತ್ತು ನಿಧಾನಕ್ಕೆ ಬೆಳೆದ ನಂಟು. ಹಾಳಾದವನನ್ನು ಸರಿಮಾಡುವ ಕೆಲಸವನ್ನು ಯಾವುದೋ ಮನೆಯ ಹೆಣ್ಣುಮಗಳ ಹೆಗಲಿಗೆ ಹೊರಿಸಿ ಎಂದು ಆ ಸಂಶೋಧನೆ ಹೇಳುವುದಿಲ್ಲ. ಆ ಹೆಂಡಂದಿರಿಗೆ ಏನಾಯಿತು ಎಂಬುದನ್ನು ಅದು ಅಷ್ಟಾಗಿ ಕೇಳಿಯೂ ಇಲ್ಲ. ಈ ಶಾಸ್ತ್ರ ಹೆಚ್ಚಾಗಿ ಗಂಡುಹುಡುಗರ ಶಾಸ್ತ್ರವಾಗಿಯೇ ಬೆಳೆದಿದೆ.

ಎರಡೂ ಪಕ್ಷದವರಿಗೆ ಒಪ್ಪಿಗೆ ಇರುವ ಒಂದು ಮಾತಿದೆ. ಸಹಾಯ ಮಾಡಲು ಹೋಗಿ ಕೆಡಿಸುವುದು ಸಾಧ್ಯ. ಇದನ್ನು ತೋರಿಸಿಕೊಟ್ಟ ಜೋನ್ ಮೆಕ್‌ಕಾರ್ಡ್ ಅವರ ಕೆಲಸದ ಮುಂದೆ ನಾನು ಪ್ರತಿ ಸಲವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ರಿಚರ್ಡ್ ಕ್ಯಾಬಟ್ ಎಂಬ ವೈದ್ಯ ಬಾಸ್ಟನ್ ಪಕ್ಕದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳ 506 ಹುಡುಗರನ್ನು ಜೋಡಿ ಜೋಡಿಯಾಗಿ ಹೊಂದಿಸಿದರು. ನಾಣ್ಯ ಚಿಮ್ಮಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ನೆರವು ಕೊಡುವುದು, ಇನ್ನೊಬ್ಬನನ್ನು ಹಾಗೇ ಬಿಡುವುದು ಎಂದು ಗೊತ್ತುಮಾಡಿದರು. 1939ರಲ್ಲಿ ಕೆಲಸ ಶುರುವಾಯಿತು. ಆಪ್ತ ಸಲಹೆಗಾರರು ಮನೆಗೆ ಬಂದು ಹೋಗುತ್ತಿದ್ದರು. ಪಾಠ, ವೈದ್ಯರು, ಬೇಸಿಗೆ ಶಿಬಿರ ಎಲ್ಲ ಇತ್ತು. ಸರಾಸರಿ ಐದು ವರ್ಷ ನಡೆಯಿತು. ಮೂವತ್ತು ವರ್ಷಗಳ ಮೇಲೆ ಮೆಕ್‌ಕಾರ್ಡ್ ಅವರನ್ನೆಲ್ಲ ಹುಡುಕಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಅದರಿಂದ ಉಪಕಾರವಾಯಿತು ಎಂದು ನೆನೆದರು. ದಾಖಲೆಗಳು ಬೇರೆಯೇ ಹೇಳಿದವು. ಎರಡನೆಯ ಸಲ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಬೇಗ ಸತ್ತವರು ನೆರವು ಪಡೆದ ಗುಂಪಿನಲ್ಲೇ ಹೆಚ್ಚು. ನಂತರದ ವಿಶ್ಲೇಷಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಟ್ಟವರು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರು ಎಂಬುದು ಕಂಡಿತು. ಹುಡುಗರನ್ನು ಒಟ್ಟಿಗೆ ಹಾಕಿದರೆ ಪೋಲಿ ಮಾತಿಗೆ ನಗು ಸಿಗುತ್ತದೆ, ಒಳ್ಳೆಯ ಮಾತಿಗೆ ಸಿಗುವುದಿಲ್ಲ. ಆ ನಗುವೇ ಪಾಠವಾಗುತ್ತದೆ.

ಶಿಬಿರದಲ್ಲೇ ಹೀಗಾದರೆ ಹುಡುಗರನ್ನು ತಿಂಗಳುಗಟ್ಟಲೆ ಒಟ್ಟಿಗೆ ಕೂಡಿಹಾಕುವ ಜಾಗದಲ್ಲಿ ಏನಾಗಬೇಕು? ಷಿಕಾಗೊದ ದಾಖಲೆಗಳಿಂದ ಅನ್ನಾ ಐಝರ್ ಮತ್ತು ಜೋಸೆಫ್ ಡಾಯ್ಲ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಜಾಣ ಉತ್ತರ ತೆಗೆದರು. ಅಲ್ಲಿ ಯಾವ ಹುಡುಗ ಯಾವ ನ್ಯಾಯಾಧೀಶರ ಮುಂದೆ ಬರುತ್ತಾನೆ ಎಂಬುದು ಬಹುಮಟ್ಟಿಗೆ ಅದೃಷ್ಟದ ಮಾತು. ಕೆಲವರು ಬಿಗಿ, ಕೆಲವರು ಸಡಿಲ. ಒಂದೇ ಬಗೆಯ ಪ್ರಕರಣದಲ್ಲಿ ಬಿಗಿ ನ್ಯಾಯಾಧೀಶರ ಕೈಗೆ ಸಿಕ್ಕಿ ಬಂಧನಕ್ಕೆ ಹೋದ ಹುಡುಗರು ಹೈಸ್ಕೂಲು ಮುಗಿಸುವುದು ಕಡಿಮೆ, ದೊಡ್ಡವರಾಗಿ ಜೈಲು ಸೇರುವುದು ಹೆಚ್ಚು ಎಂಬುದು ಕಂಡಿತು. ಎಡ್ವರ್ಡ್ ಮಲ್ವಿ ನೇತೃತ್ವದ ತಂಡ ಫೀನಿಕ್ಸ್ ಮತ್ತು ಫಿಲಡೆಲ್ಫಿಯಾಗಳ 1,354 ಹುಡುಗ ಹುಡುಗಿಯರನ್ನು ಏಳು ವರ್ಷ ಹಿಂಬಾಲಿಸಿತು. ಅವರೆಲ್ಲ ಗಂಭೀರ ಅಪರಾಧ ಮಾಡಿದವರೇ. ಅವರಲ್ಲೂ ಹೆಚ್ಚಿನವರು ಇಳಿಮುಖವಾದರು, ಎಡೆಬಿಡದೆ ಮುಂದುವರಿದವರು ಹತ್ತರಲ್ಲೊಬ್ಬರ ಮಟ್ಟದಲ್ಲಷ್ಟೇ. ಹೆಚ್ಚು ಕಾಲ ಒಳಗಿಟ್ಟದ್ದರಿಂದ ಮರು ಅಪರಾಧ ಕಡಿಮೆಯಾಗಲಿಲ್ಲ. ಎಲಿಜಬೆತ್ ಕಾಫ್‌ಮನ್ ತಂಡದ ಅಧ್ಯಯನ ಇನ್ನೂ ಕೆಳಗಿನ ಮೆಟ್ಟಿಲಿನದು. ಮೊದಲ ಸಲ ಸಿಕ್ಕಿಬಿದ್ದ 1,216 ಹುಡುಗರಲ್ಲಿ ಕೋರ್ಟಿನ ದಾರಿ ಹಿಡಿದವರು, ಅನೌಪಚಾರಿಕ ಕ್ರಮದಲ್ಲೇ ಬಿಡುಗಡೆಯಾದವರಿಗಿಂತ ಮುಂದಿನ ಐದು ವರ್ಷಗಳಲ್ಲಿ ಹೆಚ್ಚು ಸಲ ಮತ್ತೆ ಬಂಧನಕ್ಕೊಳಗಾದರು. ಹೆದರಿಸಿ ತಿದ್ದುವ ಕಾರ್ಯಕ್ರಮಗಳ ಹಣೆಬರಹವೂ ಇಷ್ಟೆ. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೈಯಿಸುವ ಅಮೆರಿಕದ ಪ್ರಯೋಗ ಸಾಕ್ಷ್ಯಚಿತ್ರವಾಗಿ ಹೆಸರು ಮಾಡಿತು. ಅಳೆದು ನೋಡಿದಾಗ ಹಾಗೆ ಹೋಗಿಬಂದವರೇ ಹೆಚ್ಚು ತಪ್ಪು ಮಾಡಿದ್ದರು.

ಇಷ್ಟು ಹೇಳಿದ ಮೇಲೂ, ಹುಡುಗ ತಪ್ಪು ಮಾಡುವ ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಇದರ ಹಿಂದೆ ಬಿದ್ದವರಲ್ಲಿ ಮುಖ್ಯರು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್. ಅವರೂ ಮಾರ್ಗೊ ಗಾರ್ಡ್ನರ್ ಎಂಬ ಸಂಶೋಧಕಿಯೂ 2005ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಲು ಆಟದ ಹಾಗಿದೆ. ಪರದೆಯ ಮೇಲೆ ಒಂದು ಕಾರು ಓಡುತ್ತಿದೆ. ಸಿಗ್ನಲ್ ಹಳದಿಗೆ ತಿರುಗುತ್ತದೆ. ಮುಂದೆ ಹೋದಷ್ಟೂ ಅಂಕ. ಯಾವ ಕ್ಷಣದಲ್ಲಾದರೂ ಕೆಂಪು ದೀಪ ಬಂದು ಗೋಡೆ ಎದ್ದು ನಿಲ್ಲಬಹುದು, ಗುದ್ದಿದರೆ ಗಳಿಸಿದ್ದು ಹೋಯಿತು. ಆಡಿದವರು ಒಟ್ಟು 306 ಮಂದಿ: 13ರಿಂದ 16ರವರು, 18ರಿಂದ 22ರವರು, 24 ದಾಟಿದವರು. ಕೆಲವರು ಒಬ್ಬರೇ ಆಡಿದರು, ಕೆಲವರು ತಮ್ಮ ವಯಸ್ಸಿನ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಒಬ್ಬನೇ ಇದ್ದಾಗ ಹದಿನಾಲ್ಕರ ಹುಡುಗನೂ ಮೂವತ್ತರ ಗಂಡಸೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬ್ರೇಕು ಹಾಕುತ್ತಾರೆ. ಗೆಳೆಯರು ಪಕ್ಕಕ್ಕೆ ಬಂದು ಹೋಗೋ ಹೋಗೋ ಎಂದರೆ ಹುಡುಗನ ಸಾಹಸ ಎರಡು ಪಟ್ಟಾಗುತ್ತದೆ, ನಡುವಿನ ವಯಸ್ಸಿನವರದು ಅರ್ಧದಷ್ಟು ಏರುತ್ತದೆ, ದೊಡ್ಡವರದು ಕದಲುವುದಿಲ್ಲ. 2011ರಲ್ಲಿ ಇಂಥದ್ದೇ ಆಟವನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಆಡಿಸಿದರು. ಗೆಳೆಯರು ಪಕ್ಕದ ಕೋಣೆಯಿಂದ ನೋಡುತ್ತಿದ್ದಾರೆ ಎಂಬ ಅರಿವೊಂದೇ ಸಾಕಾಯಿತು. ಹದಿಹರೆಯದವರ ಮಿದುಳಿನಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗಗಳು ಚುರುಕಾದವು. ಬಾಲಾಪರಾಧಗಳಲ್ಲಿ ಬಹುಪಾಲು ಗುಂಪಿನಲ್ಲೇ ನಡೆಯುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಈ ಶಾಸ್ತ್ರ ಕೋರ್ಟಿನ ಮೆಟ್ಟಿಲು ಹತ್ತಿತು. 2005ರ ಮಾರ್ಚ್ 1ರಂದು ಅಮೆರಿಕದ ಸುಪ್ರೀಂ ಕೋರ್ಟು ರೋಪರ್ ವಿರುದ್ಧ ಸಿಮನ್ಸ್ ಪ್ರಕರಣದಲ್ಲಿ, ಹದಿನೆಂಟರ ಒಳಗೆ ಮಾಡಿದ ಅಪರಾಧಕ್ಕೆ ಗಲ್ಲು ಕೂಡದು ಎಂದು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು. ಅದರಲ್ಲಿ ಸ್ಟೈನ್‌ಬರ್ಗ್ ಮತ್ತು ಎಲಿಜಬೆತ್ ಸ್ಕಾಟ್ ಅವರ ಬರಹದ ಉಲ್ಲೇಖವಿದೆ. ಒಂದು ಮುಜುಗರವೂ ಇದೆ. ಆ ಪ್ರಕರಣದ ಹದಿನೇಳರ ಹುಡುಗ ಆವೇಶದಲ್ಲಿ ಕೊಂದವನಲ್ಲ. ಮೊದಲೇ ಯೋಜನೆ ಹಾಕಿ, ನಾವು ಚಿಕ್ಕವರು, ತಪ್ಪಿಸಿಕೊಳ್ಳಬಹುದು ಎಂದು ಗೆಳೆಯರಿಗೆ ಧೈರ್ಯ ತುಂಬಿದ್ದವನು. ಸಿದ್ಧಾಂತಕ್ಕೆ ಅಷ್ಟು ಕೆಟ್ಟ ಉದಾಹರಣೆ ಹುಡುಕಿದರೂ ಸಿಗುತ್ತಿರಲಿಲ್ಲ. ಭಿನ್ನಮತದ ನ್ಯಾಯಮೂರ್ತಿ ಸ್ಕಾಲಿಯಾ ಇನ್ನೊಂದು ಕಡೆ ಕುಟುಕಿದರು. ಗರ್ಭಪಾತದ ಪ್ರಕರಣದಲ್ಲಿ ಹದಿಹರೆಯದ ಹುಡುಗಿಯರಿಗೆ ದೊಡ್ಡವರಷ್ಟೇ ತಿಳಿವಳಿಕೆ ಇದೆ ಎಂದು ಹೇಳಿದ್ದ ಮನಶ್ಶಾಸ್ತ್ರಜ್ಞರ ಸಂಘವೇ ಈಗ ಕೊಲೆ ಮಾಡಿದ ಹುಡುಗನಿಗೆ ತಿಳಿವಳಿಕೆ ಸಾಲದು ಎನ್ನುತ್ತಿದೆಯಲ್ಲ?

ಕುಟುಕಿದ್ದು ಒಳ್ಳೆಯದೇ ಆಯಿತು. ಸ್ಟೈನ್‌ಬರ್ಗ್ ತಂಡ 10ರಿಂದ 30ರ ವಯಸ್ಸಿನ 935 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಉತ್ತರ ಕೊಟ್ಟಿತು. ತಿಳಿವಳಿಕೆ ಎಂಬುದು ಒಂದಲ್ಲ, ಎರಡು. ಕೂತು, ಸಮಾಧಾನದಿಂದ, ವಿಷಯ ಕೇಳಿ ತರ್ಕ ಮಾಡುವ ಶಕ್ತಿ ಹದಿನಾರರ ಹೊತ್ತಿಗೆ ದೊಡ್ಡವರ ಮಟ್ಟ ಮುಟ್ಟುತ್ತದೆ. ಗೆಳೆಯರ ನಡುವೆ, ಸಿಟ್ಟಿನಲ್ಲಿ, ಆಸೆ ಕೆರಳಿದಾಗ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಿರುತ್ತದೆ. ವೈದ್ಯರ ಜತೆ ಕೂತು ನಿರ್ಧರಿಸುವುದಕ್ಕೆ ಮೊದಲನೆಯದು ಸಾಕು, ರಾತ್ರಿ ಹತ್ತಕ್ಕೆ ಬೀದಿಯ ಮೂಲೆಯಲ್ಲಿ ಬೇಕಾಗುವುದು ಎರಡನೆಯದು. 2019ರಲ್ಲಿ ಹನ್ನೊಂದು ದೇಶಗಳ ಐದು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಇದೇ ಪರೀಕ್ಷೆ ನಡೆದು ಹೆಚ್ಚುಕಡಿಮೆ ಅದೇ ಅಂತರ ಕಂಡಿತು. ಆ ಹನ್ನೊಂದರಲ್ಲಿ ಭಾರತವೂ ಒಂದು.

ಇಲ್ಲೊಂದು ಎಚ್ಚರ ಬೇಕು. ಇವೆಲ್ಲ ಸರಾಸರಿಗಳು. ಹದಿನೇಳರ ಹುಡುಗರು ಸಾಮಾನ್ಯವಾಗಿ ಹೀಗೆ ಎನ್ನಬಹುದೇ ಹೊರತು ನಿಮ್ಮ ಎದುರು ಕೂತಿರುವ ಹುಡುಗನೂ ಹೀಗೇ ಎನ್ನಲು ಯಾವ ಸ್ಕ್ಯಾನರಿಗೂ ಆಗದು. ಸರಾಸರಿಯ ಶಾಸ್ತ್ರ ಕಾನೂನಿನಲ್ಲಿ ವಯಸ್ಸಿನ ಗೆರೆ ಎಳೆಯಲು ಸರಿ. ಆ ಗೆರೆಯ ಒಳಗಿನ ಒಬ್ಬೊಬ್ಬರನ್ನು ಆರಿಸಿ ಹೊರಹಾಕಲು ಅದನ್ನು ಬಳಸಿದರೆ ಅದಕ್ಕೆ ಆಗದ ಕೆಲಸ ಹೊರಿಸಿದಂತೆ. ಊಹೆಯ ಅಪಾಯಕ್ಕೆ ಇನ್ನೊಂದು ಸಾಕ್ಷಿ 1995ರದು. ಪ್ರಿನ್ಸ್‌ಟನ್‌ನ ಜಾನ್ ಡಿಯುಲಿಯೊ ಕರುಣೆಯೇ ಇಲ್ಲದ ಮಹಾ ಬೇಟೆಗಾರ ಹುಡುಗರ ಪೀಳಿಗೆಯೊಂದು ಬರುತ್ತಿದೆ ಎಂದು ಬರೆದರು. ಅಮೆರಿಕದ ರಾಜ್ಯಗಳು ಸಾಲಾಗಿ ಕಾನೂನು ಬಿಗಿ ಮಾಡಿದವು. ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಕರಿಯ ಹುಡುಗರ ಮೇಲೆ. ಆ ಪೀಳಿಗೆ ಬರಲೇ ಇಲ್ಲ, ಬಾಲಾಪರಾಧ ಇಳಿಯುತ್ತ ಹೋಯಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದಿದ್ದ ಮಿಲ್ಲರ್ ಪ್ರಕರಣದಲ್ಲಿ, ಬಾಲಾಪರಾಧಿಗಳಿಗೆ ಬಿಡುಗಡೆಯೇ ಇಲ್ಲದ ಜೀವಾವಧಿ ಬೇಡ ಎಂದು ವಿದ್ವಾಂಸರು ಸಲ್ಲಿಸಿದ ಮನವಿಗೆ ಡಿಯುಲಿಯೊ ಅವರೂ ಸಹಿ ಹಾಕಿದರು.

ನಮ್ಮಲ್ಲಿ ಆದದ್ದಕ್ಕೂ ಇದಕ್ಕೂ ಹೋಲಿಕೆ ಇದೆ. 2012ರ ಡಿಸೆಂಬರಿನ ದೆಹಲಿಯ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಯ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳಷ್ಟೇ ಬಾಕಿ ಇತ್ತು. 2000ದ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಅವನಿಗೆ ಗರಿಷ್ಠ ಮೂರು ವರ್ಷ. 2013ರಲ್ಲಿ ಸಲಿಲ್ ಬಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಿದುಳಿನ ಬೆಳವಣಿಗೆಯ ಮಾತನ್ನೂ ಎತ್ತಿಕೊಂಡು, ವಯಸ್ಸಿನ ಮಿತಿ ಇಳಿಸಲು ಒಪ್ಪಲಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಯೂ ಬೇಡವೆಂದಿತು. ದೇಶದ ಒಟ್ಟು ಅಪರಾಧಗಳಲ್ಲಿ ಬಾಲಕರ ಪಾಲು ಆಗ ಶೇ 1ರ ಆಸುಪಾಸಿನಲ್ಲಿತ್ತು. ಆದರೂ ಆ ಹುಡುಗನ ಬಿಡುಗಡೆಯ ಬೆನ್ನಿಗೇ, 2015ರ ಡಿಸೆಂಬರ್ 22ರಂದು ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಅದು ಜಾರಿಯಲ್ಲಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕನಿಷ್ಠ ಶಿಕ್ಷೆಯಿರುವ ಘೋರ ಅಪರಾಧದ ಆರೋಪ ಹೊತ್ತ, 16 ತುಂಬಿದ ಹುಡುಗನನ್ನು ದೊಡ್ಡವನಂತೆ ವಿಚಾರಣೆ ಮಾಡಬಹುದೇ ಎಂದು ಬಾಲ ನ್ಯಾಯ ಮಂಡಳಿ ಮೊದಲು ತೂಗಿ ನೋಡಬೇಕು. ಕಲಂ 15ರ ಪ್ರಾಥಮಿಕ ಮೌಲ್ಯಮಾಪನ ಎಂದರೆ ಇದು.

ಮಂಡಳಿಯಲ್ಲಿ ಇರುವವರು ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಹುಡುಗನನ್ನು ಮೊದಲು ಹಾಜರುಪಡಿಸಿದ ದಿನದಿಂದ ಮೂರು ತಿಂಗಳ ಗಡುವು. ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ ಮೇಜಿನ ಮೇಲಿರುತ್ತದೆ. ಕಾಯ್ದೆ ತೂಗಬೇಕೆನ್ನುವುದು ಮೂರನ್ನು: ಅಪರಾಧ ಮಾಡುವ ದೈಹಿಕ, ಮಾನಸಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ. ಹದಿನೇಳರ ಹುಡುಗನನ್ನು ಕೂರಿಸಿಕೊಂಡು, ಕಲ್ಲೆತ್ತಿ ತಲೆಗೆ ಹಾಕಿದರೆ ಏನಾಗ್ತದಪ್ಪಾ ಎಂದು ಕೇಳಿ. ಸಾಯ್ತಾನೆ ಸಾರ್ ಎನ್ನುತ್ತಾನೆ. ಕದ್ದರೆ? ಪೊಲೀಸರು ಹಿಡೀತಾರೆ. ಉತ್ತರ ಸರಿಯಾಗಿಯೇ ಇದೆ, ಯಾಕೆಂದರೆ ಅಲ್ಲಿ ಅಳೆದದ್ದು ಹದಿನಾರಕ್ಕೇ ಪೂರ್ತಿಯಾಗುವ ಮೊದಲ ಬಗೆಯ ತಿಳಿವಳಿಕೆಯನ್ನು. ಕೋಣೆಯಲ್ಲಿ ಗೆಳೆಯರಿಲ್ಲ, ಸಿಟ್ಟಿಲ್ಲ, ನಶೆಯಿಲ್ಲ. ಹೀಗೆ ಕೇಳುತ್ತ ಹೋದರೆ ಬುದ್ಧಿಮಾಂದ್ಯತೆ ಇರುವವರ ಹೊರತು ಎಲ್ಲರೂ ದೊಡ್ಡವರೇ ಆಗಿಬಿಡುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದವರು ಈ ಇಕ್ಕಟ್ಟನ್ನು ಬೇಗ ಗುರುತಿಸಿದರು. ಅವರು ರೂಪಿಸಿದ ಮೌಲ್ಯಮಾಪನದ ಮಾದರಿಯಲ್ಲಿ ಮಾನಸಿಕ ಸಾಮರ್ಥ್ಯ ಎಂದರೆ ಬುದ್ಧಿಮಟ್ಟದ ಅಂಕವಲ್ಲ, ಸಾಮಾಜಿಕ ಸಂದರ್ಭಗಳಲ್ಲಿ ನಿರ್ಧಾರ ತೆಗೆದುಕೊಳ್ಳುವ ಶಕ್ತಿ. ಹುಡುಗ ಅನುಭವಿಸಿದ ಹಿಂಸೆ, ಕಡೆಗಣನೆ, ನಶೆ, ಮಾನಸಿಕ ಕಾಯಿಲೆ ಆ ಶಕ್ತಿಯನ್ನು ಎಷ್ಟು ಕುಂದಿಸಿವೆ ಎಂದು ನೋಡಬೇಕು, ಮುಂದೆ ಏನು ಚಿಕಿತ್ಸೆ ಬೇಕೆಂದೂ ಬರೆಯಬೇಕು. ಕಾನೂನು ಕೊಟ್ಟ ಒಡ್ಡು ಪ್ರಶ್ನೆಯನ್ನೇ ಹಿಡಿದು ಉಪಯೋಗಕ್ಕೆ ಬರುವ ಉತ್ತರ ತೆಗೆಯುವ ಪ್ರಯತ್ನ ಇದು. ಹರಿಯಾಣದ ಪ್ರಕರಣವೊಂದರಲ್ಲಿ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದೇ ದಿಕ್ಕಿಗೆ ತಿರುಗಿತು. ಬುದ್ಧಿಮಟ್ಟ ಬೇರೆ, ಪರಿಣಾಮದ ಅರಿವು ಬೇರೆ, ಆ ಅರಿವಿನಲ್ಲಿ ಬಲಿಯಾದವರ ಮನೆಯವರಿಗೂ ಹುಡುಗನ ಮುಂದಿನ ಬದುಕಿಗೂ ಆಗುವ ದೂರದ ಪರಿಣಾಮಗಳೂ ಸೇರಿವೆ ಎಂದಿತು. ಮಂಡಳಿಯಲ್ಲಿ ಮನಶ್ಶಾಸ್ತ್ರದ ಪದವೀಧರರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನಲ್ಲಿ ತಜ್ಞರು ಸಿಗುತ್ತಾರೆ. ಎಲ್ಲ ಜಿಲ್ಲೆಗಳ ಮಂಡಳಿಗೂ ಮೂರು ತಿಂಗಳ ಒಳಗೆ ಮಕ್ಕಳ ಮನಸ್ಸು ಬಲ್ಲವರು ಸಿಗುವುದು ಸುಲಭವಲ್ಲ.

ಬಲಿಯಾದವರ ಮನೆಯವರ ಮುಂದೆ ನಿಂತು ಇವನ್ನೆಲ್ಲ ಹೇಳುವುದು ಕಷ್ಟ. ಮಗಳನ್ನು ಕಳೆದುಕೊಂಡ ತಾಯಿಗೆ ಅಪರಾಧದ ಗೆರೆ ಇಪ್ಪತ್ತೈದಕ್ಕೆ ಇಳಿಯುತ್ತದೆ ಎಂಬುದು ಸಮಾಧಾನವಲ್ಲ, ಆಗಬೇಕೆಂದೂ ಇಲ್ಲ. ಶಿಕ್ಷೆ ಎಷ್ಟು ಸಾಕು ಎಂಬುದನ್ನು ಮನಶ್ಶಾಸ್ತ್ರ ಹೇಳುವುದಿಲ್ಲ. ಯಾವ ಶಿಕ್ಷೆ ಹುಡುಗನನ್ನು ಏನು ಮಾಡುತ್ತದೆ ಎಂಬುದನ್ನು ಮಾತ್ರ ಅದು ಹೇಳಬಲ್ಲದು.

2015ರ ಕಾಯ್ದೆ ಇದನ್ನು ಅರ್ಧ ಕೇಳಿಸಿಕೊಂಡಿದೆ. ದೊಡ್ಡವನಂತೆ ಶಿಕ್ಷೆಗೊಳಗಾದವನಿಗೂ ಗಲ್ಲಿಲ್ಲ, ಬಿಡುಗಡೆಯೇ ಇಲ್ಲದ ಜೀವಾವಧಿಯೂ ಇಲ್ಲ. ಅವನನ್ನು 21ರವರೆಗೆ ಜೈಲಿಗೆ ಹಾಕದೆ ಸುರಕ್ಷತಾ ಸ್ಥಳದಲ್ಲಿ ಇಡಬೇಕು. 21 ತುಂಬಿದಾಗ ಮಕ್ಕಳ ನ್ಯಾಯಾಲಯ ಅವನು ಬದಲಾಗಿದ್ದಾನೆಯೇ ಎಂದು ಮತ್ತೊಮ್ಮೆ ನೋಡಬೇಕು. ಬಾಸ್ಟನ್ನಿನ ಮುದುಕರ ಮಾತು ಕೇಳಿಸಿಕೊಂಡು ಬರೆದಂತಿದೆ ಈ ಭಾಗ. ಕಲಂ 24ಕ್ಕೆ ಬಂದರೆ ಅದೇ ಕಾಯ್ದೆಯ ದನಿ ಬೇರೆ. ಬಾಲಕನಾಗಿದ್ದಾಗ ಮಾಡಿದ ಅಪರಾಧ ಮುಂದೆ ಕೆಲಸಕ್ಕಾಗಲಿ ಬೇರೆ ಯಾವುದಕ್ಕಾಗಲಿ ಅಡ್ಡಿಯಾಗಬಾರದು, ದಾಖಲೆ ನಾಶವಾಗಬೇಕು ಎನ್ನುವ ಕಲಂ ಅದು. 16 ದಾಟಿ, ದೊಡ್ಡವರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದವರಿಗೆ ಈ ರಕ್ಷಣೆ ಇಲ್ಲವೆಂದು ಅದರ ಅಡಿಯಲ್ಲೇ ಬರೆದಿದೆ. 21ಕ್ಕೆ ನ್ಯಾಯಾಲಯ ಅವನು ಬದಲಾಗಿದ್ದಾನೆಂದು ಬಿಟ್ಟುಕಳಿಸಿದರೂ, ಕೆಲಸ ಕೇಳಿ ಹೋದ ಕಡೆ ಪೊಲೀಸ್ ಪರಿಶೀಲನೆಯ ಹಾಳೆಯಲ್ಲಿ ಹಳೆಯ ಪ್ರಕರಣ ಉಳಿದಿರಬಹುದು. ಮೊಫಿಟ್ 1993ರಲ್ಲಿ ಪಟ್ಟಿ ಮಾಡಿದ ಉರುಳುಗಳಲ್ಲಿ ಇದೂ ಒಂದು.